ಹಳೆಯ ಮನೆ ಮಾರುವಾಗ ಇಂದಿನ ಕಟ್ಟಡ ನಿಯಮಕ್ಕೆ ಸರಿಹೊಂದಿಸಿ ಕೊಡಬೇಕೇ?

ಪ್ರಶ್ನೆ: ಚಿಕ್ಕಮಗಳೂರಿನ ಬಸವನಹಳ್ಳಿ ಭಾಗದಲ್ಲಿ ನಮ್ಮ ತಂದೆಯವರು 1964ರಲ್ಲಿ ಕಟ್ಟಿಸಿದ ಹೆಂಚಿನ ಮನೆಯಿದೆ. 1989ರಲ್ಲಿ ಹಿತ್ತಲಿನ ಕಡೆಗೆ ಆರ್‌ಸಿಸಿಯ ಎರಡು ಕೋಣೆಗಳನ್ನು ಸೇರಿಸಿದೆವು. ಅದಕ್ಕೆ ಪರವಾನಗಿ ಪಡೆದ ಕಾಗದ ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ಈಗ ಮನೆ ಮಾರುವ ಮಾತುಕತೆ ನಡೆದಿದೆ. ಕೊಳ್ಳುವವರು, ‘ಇಡೀ ಮನೆಯನ್ನು ಈಗಿನ ಕಟ್ಟಡ ನಿಯಮಕ್ಕೆ ಸರಿಹೊಂದಿಸಿ ಕೊಡಿ, ಇಲ್ಲದಿದ್ದರೆ ನೋಂದಣಿಯೇ ಆಗುವುದಿಲ್ಲ’ ಎನ್ನುತ್ತಿದ್ದಾರೆ. ಬಾಸ್ಟನ್‌ನಲ್ಲಿರುವ ನನ್ನ ಮಗನೂ ಅಲ್ಲಿ ಅಗ್ನಿಶಾಮಕ ಇಲಾಖೆಯ ಪ್ರಮಾಣಪತ್ರವಿಲ್ಲದೆ ಮನೆ ಮಾರುವಂತಿಲ್ಲ ಎಂದು ಹೇಳುತ್ತಾನೆ. ನಮ್ಮಲ್ಲಿ ನಿಜವಾಗಿ ನಿಯಮವೇನು? ಬೇಲೂರಿನಲ್ಲಿ ದೇವಸ್ಥಾನಕ್ಕೆ ಹತ್ತಿರವಿರುವ ನಮ್ಮ ಚಿಕ್ಕಪ್ಪನವರ ಮನೆಗೂ ಇದೇ ಅನ್ವಯಿಸುತ್ತದೆಯೇ?
— ನಿವೃತ್ತ ಶಿಕ್ಷಕಿ, ಚಿಕ್ಕಮಗಳೂರು

ಉತ್ತರ: ಇಲ್ಲ. ಮನೆಯನ್ನು ಮಾರುತ್ತಿದ್ದೀರಿ ಎಂಬ ಒಂದೇ ಕಾರಣಕ್ಕೆ 1964ರ ಮನೆಯನ್ನು ಇಂದಿನ ಕಟ್ಟಡ ನಿಯಮಕ್ಕೆ ಸರಿಹೊಂದಿಸಿ ಕೊಡಬೇಕೆಂದು ಹೇಳುವ ಕಾನೂನು ನಮ್ಮ ರಾಜ್ಯದಲ್ಲಿ ಇಲ್ಲ. ಆದರೆ ಈ ಉತ್ತರವನ್ನು ನಿಮ್ಮ ಮನೆಯ ಮುಂಭಾಗಕ್ಕೆ ಹೇಳಿದಷ್ಟು ಧೈರ್ಯವಾಗಿ ಹಿತ್ತಲಿನ ಎರಡು ಕೋಣೆಗಳಿಗೆ ಹೇಳಲು ಸಾಧ್ಯವಿಲ್ಲ. ಹಳೆಯ ಮನೆ ಎನ್ನುವುದು ಬೇರೆ, ಪರವಾನಗಿಯಿಲ್ಲದ ಮನೆ ಎನ್ನುವುದು ಬೇರೆ. ನಿಮ್ಮ ಪತ್ರದಲ್ಲಿ ಇವೆರಡೂ ಒಂದೇ ಸೂರಿನಡಿ ಇವೆ. ಕೊಳ್ಳುವವರು ಎರಡನ್ನೂ ಬೆರೆಸಿ ಮಾತನಾಡುತ್ತಿರುವುದರಿಂದಲೇ ನಿಮಗೆ ಗೊಂದಲವಾಗಿದೆ.

ಮೊದಲು ಹಳೆಯ ಭಾಗವನ್ನು ನೋಡೋಣ. ಕಟ್ಟಡ ನಿಯಮವು ಕಟ್ಟುವ ಕೆಲಸವನ್ನು ನಿಯಂತ್ರಿಸುತ್ತದೆ, ಕೊಡುಕೊಳ್ಳುವ ವ್ಯವಹಾರವನ್ನಲ್ಲ. ಹೊಸದಾಗಿ ಕಟ್ಟುವಾಗ, ಇರುವುದಕ್ಕೆ ಸೇರಿಸುವಾಗ, ಗೋಡೆ ಒಡೆದು ಬದಲಿಸುವಾಗ, ವಾಸದ ಮನೆಯನ್ನು ಬೇರೆ ಬಳಕೆಗೆ ತಿರುಗಿಸುವಾಗ ಅದು ಎದುರಾಗುತ್ತದೆ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಪ್ರಕಟವಾದದ್ದು 1970ರಲ್ಲಿ. ಅಂದರೆ ನಿಮ್ಮ ತಂದೆಯವರು ಗೃಹಪ್ರವೇಶ ಮಾಡಿ ಆರು ವರ್ಷವಾದ ಮೇಲೆ. ಅದು 1983, 2005 ಮತ್ತು 2016ರಲ್ಲಿ ಪರಿಷ್ಕೃತವಾಯಿತು. ಆಡಳಿತಕ್ಕೆ ಸಂಬಂಧಿಸಿದ ಅದರ ಎರಡನೆಯ ಭಾಗದಲ್ಲೇ ಈ ಪ್ರಶ್ನೆಗೆ ಉತ್ತರವಿದೆ: ಪಕ್ಕದ ಆಸ್ತಿಗಾಗಲಿ, ಒಳಗಿರುವವರಿಗಾಗಲಿ ಅಪಾಯವಿದೆಯೆಂದು ಸಂಬಂಧಪಟ್ಟ ಪ್ರಾಧಿಕಾರಕ್ಕೆ ಅನ್ನಿಸದ ಹೊರತು, ಈಗಾಗಲೇ ಇರುವ ಕಟ್ಟಡವನ್ನು ಕೆಡವಬೇಕು, ಬದಲಿಸಬೇಕು ಅಥವಾ ತೊರೆಯಬೇಕು ಎಂದು ಸಂಹಿತೆ ಒತ್ತಾಯಿಸುವುದಿಲ್ಲ. ಸಂಹಿತೆ ತಾನಾಗಿ ಕಾನೂನಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ನಮ್ಮ ಊರುಗಳಲ್ಲಿ ಕಾನೂನಿನ ಬಲವಿರುವುದು 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಗೆ ಮತ್ತು ಅದರಡಿಯ ಕಟ್ಟಡ ಉಪವಿಧಿಗಳಿಗೆ. ಅವೂ ಪರವಾನಗಿಯನ್ನು ಕಟ್ಟುವವನಿಂದ ಕೇಳುತ್ತವೆಯೇ ಹೊರತು ಮಾರುವವನಿಂದಲ್ಲ.

ಹಾಗಾದರೆ ನೋಂದಣಿಯೇ ಆಗುವುದಿಲ್ಲ ಎಂಬ ಮಾತು ಎಲ್ಲಿಂದ ಬಂತು? ಉಪನೋಂದಣಾಧಿಕಾರಿಯವರು ಮನೆಯ ಕಿಟಕಿ ಎಷ್ಟು ಅಗಲವಿದೆ, ಮೆಟ್ಟಿಲು ಎಷ್ಟು ಕಡಿದಾಗಿದೆ ಎಂದು ನೋಡುವುದಿಲ್ಲ. ಅವರು ನೋಡುವುದು ದಸ್ತಾವೇಜನ್ನು, ಮುದ್ರಾಂಕ ಶುಲ್ಕವನ್ನು, ಬರೆದುಕೊಡುವವರ ಗುರುತನ್ನು. ಅದರ ಜೊತೆಗೆ ಈಗ ಇ-ಖಾತೆಯೂ, ಅಂದರೆ ಸ್ಥಳೀಯ ಸಂಸ್ಥೆ ಕೊಡುವ ಆಸ್ತಿಯ ಗಣಕೀಕೃತ ದಾಖಲೆಯೂ ಬೇಕು. 2024ರಲ್ಲಿ ನೋಂದಣಿಯ ಕಾವೇರಿ ತಂತ್ರಾಂಶವನ್ನು ಸ್ಥಳೀಯ ಸಂಸ್ಥೆಗಳ ಇ-ಆಸ್ತಿ ದಾಖಲೆಗೆ ಜೋಡಿಸಿದ ಮೇಲೆ, ಇ-ಖಾತೆಯಿಲ್ಲದ ನಿವೇಶನ ಅಥವಾ ಮನೆಯ ಕ್ರಯಪತ್ರ ಮುಂದಕ್ಕೆ ಸಾಗುವುದಿಲ್ಲ. ಕೊಳ್ಳುವವರು ಕೇಳಿಸಿಕೊಂಡಿರುವುದು ಬಹುಶಃ ಇದನ್ನೇ. ಅದನ್ನು ಕಟ್ಟಡ ನಿಯಮವೆಂದು ತಿಳಿದಿದ್ದಾರೆ. ನಿಮ್ಮ ಮನೆಯ ಖಾತೆ ಇನ್ನೂ ತಂದೆಯವರ ಹೆಸರಿನಲ್ಲಿದ್ದರೆ, ಮೊದಲು ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಿಕೊಂಡು ಇ-ಖಾತೆ ತೆಗೆಸಿ. ಬಣ್ಣ ಬಳಿಸುವುದಕ್ಕಿಂತ ಮುಂಚೆ ಆಗಬೇಕಾದ ಕೆಲಸವಿದು.

ಮಗ ಹೇಳಿರುವುದು ಸುಳ್ಳಲ್ಲ, ಆದರೆ ಪೂರ್ತಿಯಲ್ಲ. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ವಾಸದ ಮನೆ ಮಾರುವ ಮುನ್ನ ಹೊಗೆ ಮತ್ತು ಕಾರ್ಬನ್ ಮಾನಾಕ್ಸೈಡ್ ಪತ್ತೆಮಾಡುವ ಸಾಧನಗಳು ಸರಿಯಾಗಿವೆಯೆಂದು ಸ್ಥಳೀಯ ಅಗ್ನಿಶಾಮಕ ಇಲಾಖೆಯಿಂದ ಪ್ರಮಾಣಪತ್ರ ಪಡೆಯಬೇಕು. ಸ್ವಂತ ಸೆಪ್ಟಿಕ್ ಟ್ಯಾಂಕ್ ಇದ್ದರೆ ಅದರ ತಪಾಸಣೆಯೂ ಆಗಬೇಕು. ಭೂಕಂಪದ ಭಯವಿರುವ ಕ್ಯಾಲಿಫೋರ್ನಿಯಾದಲ್ಲಿ ನೀರು ಕಾಯಿಸುವ ಹಂಡೆ ಉರುಳದಂತೆ ಗೋಡೆಗೆ ಪಟ್ಟಿ ಬಿಗಿದಿದೆಯೆಂದು ಮಾರುವವರು ಬರೆದುಕೊಡಬೇಕು. 1978ಕ್ಕಿಂತ ಮುಂಚಿನ ಮನೆಯಾದರೆ ಸೀಸದ ಬಣ್ಣದ ಬಗ್ಗೆ ತಿಳಿದದ್ದನ್ನು ಹೇಳಬೇಕೆಂಬುದು ಅಮೆರಿಕದ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು. ಆದರೆ ಗಮನಿಸಿ, ಅಲ್ಲಿಯೂ ಇಡೀ ಮನೆಯನ್ನು ಹೊಸ ಸಂಹಿತೆಗೆ ತನ್ನಿ ಎಂದು ಸಾಮಾನ್ಯವಾಗಿ ಕೇಳುವುದಿಲ್ಲ. ಜೀವಕ್ಕೆ ಎರವಾಗುವ ಎರಡು ಮೂರು ಸಂಗತಿಗಳನ್ನು ಆರಿಸಿಕೊಂಡು, ಮನೆ ಕೈ ಬದಲಾಗುವ ಹೊತ್ತನ್ನೇ ಅವುಗಳ ತಪಾಸಣೆಗೆ ಬಳಸಿಕೊಂಡಿದ್ದಾರೆ. ನಮ್ಮಲ್ಲಿಯೂ ಹಳೆಯ ಮನೆಗಳ ವಿದ್ಯುತ್ ತಂತಿಯ ಮಟ್ಟಿಗಾದರೂ ಇಂಥದೊಂದು ಕಡ್ಡಾಯ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಈಗ 1989ರ ಕೋಣೆಗಳ ವಿಚಾರ. ಇಲ್ಲಿ ಕೇಳಬೇಕಾದ ಪ್ರಶ್ನೆ ಇಂದಿನ ನಿಯಮಕ್ಕೆ ಅವು ಹೊಂದುತ್ತವೆಯೇ ಎಂಬುದಲ್ಲ. ಕಟ್ಟಿದ ದಿನ ಜಾರಿಯಲ್ಲಿದ್ದ ನಿಯಮದಂತೆ ಅನುಮತಿ ಪಡೆದು ಕಟ್ಟಿದ್ದವೇ ಎಂಬುದು. ಪೌರಸಭೆಗಳ ಕಾಯ್ದೆ ಆಗಲೇ ಇತ್ತು, ಪರವಾನಗಿ ಬೇಕೆಂಬ ಷರತ್ತೂ ಇತ್ತು. ಕಾಗದ ಕಳೆದುಹೋಗಿರಬಹುದು ಎಂಬ ಸಾಧ್ಯತೆಯನ್ನು ಮೊದಲು ಮುಗಿಸಿಕೊಳ್ಳಿ. ನಗರಸಭೆಯಲ್ಲಿ ಆ ವರ್ಷಗಳ ಕಟ್ಟಡ ಪರವಾನಗಿ ವಹಿಯ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ. ಮನೆಯಲ್ಲಿ 1989–90ರ ಸುಮಾರಿನ ಕಂದಾಯ ರಸೀದಿಗಳಿದ್ದರೆ ಹುಡುಕಿ ತೆಗೆಯಿರಿ. ತೆರಿಗೆಯ ಮೊತ್ತ ಆ ವರ್ಷ ಏರಿದ್ದರೆ, ಕೋಣೆಗಳು ಅಂದೇ ಲೆಕ್ಕಕ್ಕೆ ಬಂದಿದ್ದವೆಂದು ತೋರಿಸಲು ಅದೊಂದು ಸಾಕ್ಷ್ಯ. ಆದರೆ ತೆರಿಗೆ ಕಟ್ಟಿದ ಮಾತ್ರಕ್ಕೆ ಪರವಾನಗಿಯಿಲ್ಲದ ಕಟ್ಟಡ ಸಕ್ರಮವಾಗುವುದಿಲ್ಲ. ಕಟ್ಟಡ ಎಷ್ಟು ಹಳೆಯದು ಎಂದು ಸಾಬೀತು ಮಾಡಲು ರಸೀದಿ ಬಳಕೆಗೆ ಬರುತ್ತದೆ, ಅಷ್ಟೇ.

ವರ್ಷ ಮೂವತ್ತೈದು ಕಳೆದಿವೆ, ಇನ್ನು ಯಾರು ಕೇಳುತ್ತಾರೆ ಎಂದು ನಿಮಗೆ ಕೆಲವರು ಹೇಳಬಹುದು. ಆ ಮಾತನ್ನು ನಂಬಬೇಡಿ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ಕೊಟ್ಟ ತೀರ್ಪು, ಕಾಲ ಕಳೆದಿದೆ, ಬಹುಕಾಲದಿಂದ ವಾಸವಿದ್ದೇವೆ, ಹಣ ಹಾಕಿದ್ದೇವೆ ಎಂಬ ಕಾರಣಗಳಿಂದ ಅನಧಿಕೃತ ಕಟ್ಟಡ ಸಕ್ರಮವಾಗದು ಎಂದು ಸ್ಪಷ್ಟವಾಗಿ ಹೇಳಿದೆ. ಅದೇ ತೀರ್ಪು, ಕಟ್ಟಡವನ್ನು ಭದ್ರತೆಯಾಗಿಟ್ಟುಕೊಂಡು ಸಾಲ ಕೊಡುವ ಮುನ್ನ ಬ್ಯಾಂಕುಗಳು ಮುಕ್ತಾಯ ಅಥವಾ ಸ್ವಾಧೀನಾನುಭವ ಪ್ರಮಾಣಪತ್ರವನ್ನು (ಅನುಮತಿಯಂತೆ ಕಟ್ಟಲಾಗಿದೆ, ವಾಸಕ್ಕೆ ಯೋಗ್ಯ ಎಂದು ಸ್ಥಳೀಯ ಸಂಸ್ಥೆ ಕೊಡುವ ಪತ್ರ) ಪರಿಶೀಲಿಸಬೇಕೆಂದೂ, ವಿದ್ಯುತ್, ನೀರು, ಒಳಚರಂಡಿ ಸಂಪರ್ಕಗಳನ್ನು ಆ ಪ್ರಮಾಣಪತ್ರದ ನಂತರವೇ ಕೊಡಬೇಕೆಂದೂ ನಿರ್ದೇಶಿಸಿದೆ. ಹೀಗಾಗಿ ನಿಯಮ ನಿಮ್ಮ ಕ್ರಯಪತ್ರವನ್ನು ನೇರವಾಗಿ ತಡೆಯದಿದ್ದರೂ, ಕೊಳ್ಳುವವರ ಸಾಲದ ಅರ್ಜಿಯ ಮೂಲಕ ಬಾಗಿಲು ತಟ್ಟುತ್ತದೆ. ನಿಮ್ಮ ಕೊಳ್ಳುವವರು ಕೈಯಲ್ಲಿರುವ ಹಣ ಕೊಟ್ಟು ಕೊಳ್ಳುತ್ತಿದ್ದಾರೋ, ಗೃಹಸಾಲ ಮಾಡುತ್ತಿದ್ದಾರೋ ಎಂಬುದನ್ನು ಮೊದಲ ಮಾತಿನಲ್ಲೇ ಕೇಳಿ ತಿಳಿದುಕೊಳ್ಳಿ. ಸಾಲವಾದರೆ, ಮನೆಯ ವಯಸ್ಸು, ಗೋಡೆ ಮಣ್ಣಿನದೋ ಕಲ್ಲಿನದೋ, ಕಟ್ಟಡಕ್ಕೆ ಇನ್ನೆಷ್ಟು ವರ್ಷ ಆಯುಷ್ಯವಿದೆ ಎಂಬುದನ್ನೆಲ್ಲ ಬ್ಯಾಂಕಿನ ಮೌಲ್ಯಮಾಪಕರು ಬರೆಯುತ್ತಾರೆ. ಅರವತ್ತು ವರ್ಷದ ಹೆಂಚಿನ ಮನೆಗೆ ಕಟ್ಟಡದ ಬೆಲೆ ಕಡಿಮೆ, ನಿವೇಶನದ ಬೆಲೆಯೇ ಹೆಚ್ಚು ಎಂದು ವರದಿ ಬಂದರೆ ಬೇಸರ ಪಟ್ಟುಕೊಳ್ಳಬೇಡಿ. ಅದು ಸಾಲದ ಲೆಕ್ಕ. ನಿಮ್ಮ ತಂದೆಯವರು ಆರಿಸಿ ತಂದ ಮರಕ್ಕೆ ಕಟ್ಟಿದ ಬೆಲೆಯಲ್ಲ.

ಅಕ್ರಮ-ಸಕ್ರಮದಲ್ಲಿ ಸರಿಮಾಡಿಸಿಕೊಳ್ಳಬಹುದೇ ಎಂದು ಹಲವರು ಕೇಳುತ್ತಾರೆ. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಗೆ ತಿದ್ದುಪಡಿ ತಂದು, ವಾಸದ ಮನೆಗಳಲ್ಲಿ ಶೇ 50ರವರೆಗಿನ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗದ) ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಯೋಜನೆ ಅದು. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆದ್ದರಿಂದ ಆ ಯೋಜನೆಯ ಹೆಸರು ಹೇಳಿ ಯಾರಾದರೂ ಹಣ ಕೇಳಿದರೆ ಕೊಡಬೇಡಿ. 2025ರಲ್ಲಿ ಪೌರಸಭೆಗಳ ವ್ಯಾಪ್ತಿಗೂ ಬಂದ ಬಿ-ಖಾತೆ ಬೇರೆಯೇ ಸಂಗತಿ. ಅನುಮೋದನೆಯಿಲ್ಲದ ಬಡಾವಣೆಗಳ ನಿವೇಶನ, ಮನೆಗಳನ್ನು ತೆರಿಗೆಯ ಲೆಕ್ಕಕ್ಕೆ ತರಲು ಮಾಡಿದ ವ್ಯವಸ್ಥೆಯದು. ಅದರಿಂದಲೂ ಕಟ್ಟಡ ಸಕ್ರಮವಾಗುವುದಿಲ್ಲ. ನಿಮ್ಮ ನಿವೇಶನ ಊರಿನ ಹಳೆಯ ಭಾಗದಲ್ಲಿದ್ದು ಮೂಲ ಖಾತೆ ಸರಿಯಿದ್ದರೆ ಆ ಚಿಂತೆ ನಿಮಗಿಲ್ಲ. ನೀವು ಮಾಡಬಹುದಾದದ್ದು ಒಂದೇ: ಪರವಾನಗಿ ಪಡೆದ ಎಂಜಿನಿಯರ್ ಒಬ್ಬರಿಂದ ಇಡೀ ಮನೆಯನ್ನು ಅಳೆಸಿ, ಈಗಿರುವಂತೆಯೇ ನಕ್ಷೆ ಬರೆಸಿ, ಹಿಂದಿನ ಎಲ್ಲೆಯಿಂದ ಕೋಣೆಗಳ ಗೋಡೆ ಎಷ್ಟು ದೂರವಿದೆ ಎಂದು ನೋಡುವುದು. ಉಪವಿಧಿ ಒಪ್ಪುವ ಅಳತೆಯೊಳಗಿದ್ದರೆ ಆ ನಕ್ಷೆಯನ್ನೇ ಇಟ್ಟುಕೊಂಡು ನಗರಸಭೆಯಲ್ಲಿ ಅನುಮೋದನೆಗೆ ಅರ್ಜಿ ಹಾಕಬಹುದು. ಗೋಡೆ ಕಾಂಪೌಂಡಿಗೇ ಅಂಟಿಕೊಂಡಿದ್ದರೆ, ಇದ್ದದ್ದನ್ನು ಇದ್ದ ಹಾಗೆ ಕ್ರಯಪತ್ರದಲ್ಲಿ ಬರೆದು, ಬೆಲೆಯಲ್ಲಿ ಹೊಂದಿಸಿಕೊಳ್ಳುವುದೇ ಪ್ರಾಮಾಣಿಕವಾದ ದಾರಿ. ಮುಂದೆ ನಗರಸಭೆ ನೋಟಿಸು ಕೊಟ್ಟರೆ ಅದು ಅಂದು ಮಾಲೀಕರಾಗಿರುವವರಿಗೆ ಬರುತ್ತದೆ, 1989ರಲ್ಲಿ ಕಟ್ಟಿಸಿದವರಿಗಲ್ಲ. ಕೊಳ್ಳುವವರಿಗೆ ಈ ಮಾತನ್ನು ನೀವೇ ಬಾಯಿಬಿಟ್ಟು ಹೇಳಬೇಕು.

ಮಾರಾಟವಾದ ಮೇಲೆ ಕೊಳ್ಳುವವರು ಏನು ಮಾಡುತ್ತಾರೆ ಎಂಬುದರ ಮೇಲೂ ನಿಯಮ ನಿಂತಿದೆ. ನಮ್ಮ ಜಿಲ್ಲೆಯಲ್ಲಿ ಹಳೆಯ ಮನೆ ಕೊಳ್ಳುವವರಲ್ಲಿ ಅನೇಕರ ಮನಸ್ಸಿನಲ್ಲಿ ಇರುವುದು ಹೋಂಸ್ಟೇ. ಒಂದು ಕುಟುಂಬ ವಾಸವಿರುವ ಮನೆಯನ್ನು ಕಟ್ಟಡ ಸಂಹಿತೆ ಒಂದು ಉಪವಿಭಾಗದಲ್ಲಿಡುತ್ತದೆ, ಹಣ ಪಡೆದು ಅಪರಿಚಿತರನ್ನು ಉಳಿಸಿಕೊಳ್ಳುವ ವಸತಿಗೃಹವನ್ನು ಇನ್ನೊಂದರಲ್ಲಿ. ಬಳಕೆ ಬದಲಾದಾಗ ಹಳೆಯ ಮನೆಯೆಂಬ ರಿಯಾಯಿತಿ ಹಾಗೆಯೇ ಮುಂದುವರಿಯುವುದಿಲ್ಲ. ಆ ಬದಲಾವಣೆಯ ಹೊಣೆ ಕೊಳ್ಳುವವರದು. ಅದರ ಖರ್ಚನ್ನು ನಿಮ್ಮ ತಲೆಗೆ ಕಟ್ಟಲು ನೋಡುತ್ತಿದ್ದಾರೆಯೇ ಎಂದು ವಿಚಾರಿಸಿ.

ಕೆಡವಿ ಕಟ್ಟುವ ಉದ್ದೇಶವಿದ್ದರೆ ಲೆಕ್ಕವೇ ಬೇರೆ. ಹಳೆಯ ಬೀದಿಗಳಲ್ಲಿ ಮನೆಗಳು ರಸ್ತೆಗೆ ತಾಗಿ, ಪಕ್ಕದ ಮನೆಯೊಡನೆ ಗೋಡೆ ಹಂಚಿಕೊಂಡು ನಿಂತಿರುತ್ತವೆ. ನಿಂತಿರುವಷ್ಟು ದಿನ ಅವುಗಳ ಜಗಲಿಯನ್ನು ಯಾರೂ ಹಿಂದಕ್ಕೆ ಸರಿಸು ಎನ್ನುವುದಿಲ್ಲ. ಕೆಡವಿದ ಮರುಕ್ಷಣ ಆ ನಿವೇಶನ ಹೊಸ ನಿವೇಶನದಂತೆಯೇ. ಮುಂದೆ, ಹಿಂದೆ, ಪಕ್ಕದಲ್ಲಿ ಇಂದಿನ ಉಪವಿಧಿಯಷ್ಟು ಜಾಗ ಬಿಡಬೇಕು, ರಸ್ತೆ ಅಗಲೀಕರಣದ ಗೆರೆಯಿದ್ದರೆ ಅದಕ್ಕೂ ಬಿಡಬೇಕು. ಹೀಗೆ ಜಾಗ ಕಳೆದುಕೊಳ್ಳುವುದನ್ನು ತಪ್ಪಿಸಲು ಒಂದು ಗೋಡೆಯನ್ನು ಮಾತ್ರ ಉಳಿಸಿಕೊಂಡು, ಮಿಕ್ಕದ್ದನ್ನೆಲ್ಲ ಕೆಡವಿ, ‘ದುರಸ್ತಿ’ ಎಂದು ಹೆಸರಿಟ್ಟು ಮೂರು ಮಹಡಿ ಏರಿಸುವುದನ್ನು ನಾನು ನೋಡಿದ್ದೇನೆ. ಕಾನೂನಿನ ಮಾತು ಹಾಗಿರಲಿ. ಮಣ್ಣುಗಾರೆಯಲ್ಲಿ ಕಟ್ಟಿದ ಗೋಡೆಗೆ ಹೊಸ ಕಾಂಕ್ರೀಟ್ ಕಟ್ಟಡ ಒರಗಿಕೊಂಡು ನಿಂತರೆ ಪಕ್ಕದ ಮನೆಯವರ ಗತಿಯೇನು? ನಿಮ್ಮ ಕೊಳ್ಳುವವರು ಕೆಡವುವವರೇ ಆಗಿದ್ದರೆ, ನೀವು ಈಗ ಒಂದು ರೂಪಾಯಿಯನ್ನೂ ದುರಸ್ತಿಗೆ ಹಾಕಬೇಕಾಗಿಲ್ಲ.

ಹಳೆಯದೆಂಬ ರಿಯಾಯಿತಿ ಸ್ವಲ್ಪವೂ ಇಲ್ಲದ ಒಂದು ಜಾಗವಿದೆ, ಅದು ಶೌಚಾಲಯ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯಂತೆ, ಮಲವನ್ನು ಮನುಷ್ಯರು ಕೈಯಿಂದ ತೆಗೆಯಬೇಕಾಗುವಂಥ ಶೌಚಾಲಯ ಯಾವ ಕಾಲದ್ದೇ ಇರಲಿ, ಅದನ್ನು ಕೆಡವಬೇಕು ಅಥವಾ ಪರಿವರ್ತಿಸಬೇಕು, ಹೊಣೆ ಮನೆಯವರದು. 1964ರ ಮನೆಯೆಂದ ಮೇಲೆ ಹಿತ್ತಲಿನ ಮೂಲೆಯಲ್ಲಿ ಹಳೆಯ ಕಕ್ಕಸು ಇದ್ದು, ನಂತರ ಅದನ್ನು ಗುಂಡಿಗೋ ಒಳಚರಂಡಿಗೋ ಜೋಡಿಸಿರಬಹುದು. ಆ ಜೋಡಣೆ ಎಲ್ಲಿ ಹೋಗಿ ಸೇರುತ್ತದೆಂದು ಒಮ್ಮೆ ಮುಚ್ಚಳ ತೆಗೆಸಿ ನೋಡಿ. ತೆರೆದ ಚರಂಡಿಗೆ ಬಿಟ್ಟಿದ್ದರೆ ಮಾರುವ ಮುನ್ನವೇ ಸರಿಪಡಿಸಿ. ಮನೆಯಲ್ಲಿ ಬಳಕೆಯ ಬಾವಿಯಿದ್ದರೆ ಇಂಗುಗುಂಡಿ ಅದರಿಂದ ಕನಿಷ್ಠ 18 ಮೀಟರ್ ದೂರವಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಹಳೆಯ ಹಿತ್ತಲುಗಳಲ್ಲಿ ಬಾವಿಯಿಂದ ಏಳೆಂಟು ಹೆಜ್ಜೆಗೇ ಗುಂಡಿ ಇರುವುದು ಅಪರೂಪವಲ್ಲ.

ಇಷ್ಟು ನಿಯಮದ ಮಾತಾಯಿತು. ಇನ್ನು ಮಾರುವವರಾಗಿ ನಿಮ್ಮ ಮೇಲೆ ನಿಜವಾಗಿಯೂ ಇರುವ ಕರ್ತವ್ಯವನ್ನು ಹೇಳಬೇಕು. ಅದು ಕಟ್ಟಡ ಉಪವಿಧಿಯಲ್ಲಿಲ್ಲ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಪ್ರಕರಣದಲ್ಲಿದೆ. ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಅವರ ಕಣ್ಣಿಗೆ ಬೀಳದಂಥ ಮುಖ್ಯ ದೋಷ ಆಸ್ತಿಯಲ್ಲಾಗಲಿ ಹಕ್ಕಿನಲ್ಲಾಗಲಿ ಇದ್ದರೆ ಅದನ್ನು ಹೇಳಲೇಬೇಕು. ಹೇಳದೆ ಬಿಡುವುದನ್ನು ಆ ಪ್ರಕರಣ ವಂಚನೆಯೆಂದೇ ಕರೆಯುತ್ತದೆ. ಕ್ರಯಪತ್ರದ ದಿನದವರೆಗಿನ ಕಂದಾಯ ಮುಂತಾದ ಬಾಕಿಗಳನ್ನು ತೀರಿಸುವುದೂ ಮಾರುವವರ ಪಾಲಿನದೇ. ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಇರುವ ರೇರಾ (ಸ್ಥಿರಾಸ್ತಿ ನಿಯಂತ್ರಣ) ಕಾಯ್ದೆಯ ಐದು ವರ್ಷದ ದೋಷ ಹೊಣೆಗಾರಿಕೆ ನಿಮ್ಮಂಥ ಹಳೆಯ ಒಂಟಿ ಮನೆಯ ಮರುಮಾರಾಟಕ್ಕೆ ಬರುವುದಿಲ್ಲ. ಬಿರುಕು ಎದ್ದು ಕಾಣುವ ಗೋಡೆಯ ಬಗ್ಗೆ ಹೇಳದಿದ್ದರೆ ಅಷ್ಟು ದೊಡ್ಡ ತಪ್ಪಾಗಲಾರದು, ಏಕೆಂದರೆ ಅದು ಯಾರಿಗಾದರೂ ಕಾಣುತ್ತದೆ. ಬಣ್ಣದ ಕೆಳಗೆ ಅಡಗಿರುವುದನ್ನು ಮುಚ್ಚಿಟ್ಟರೆ ಮಾತ್ರ ವ್ಯಾಜ್ಯ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ.

ಅಡಗಿರುವುದು ಎಂದರೆ ಏನೆಂದು ನನಗೆ ಕಲಿಸಿದ್ದು ಮೂಡಿಗೆರೆ ಕಡೆಯ ಒಂದು ಮನೆ. ವೃತ್ತಿಯ ಆರಂಭದ ವರ್ಷಗಳಲ್ಲಿ, ಕೊಳ್ಳುವವರ ಪರವಾಗಿ ಅದನ್ನು ನೋಡಲು ಹೋಗಿದ್ದೆ. ಮಾರ್ಚ್ ತಿಂಗಳು, ಒಣ ಹವೆ, ಗೋಡೆಗೆ ಹೊಸ ಸುಣ್ಣ, ತೊಲೆಗಳಿಗೆ ಹೊಳೆಯುವ ಎಣ್ಣೆಬಣ್ಣ. ಮನೆ ಗಟ್ಟಿಯಾಗಿದೆ ಎಂದು ಬರೆದುಕೊಟ್ಟೆ. ಜುಲೈ ತಿಂಗಳ ಮಳೆಯಲ್ಲಿ ನಡುಮನೆಯ ತೊಲೆಯೊಂದು ಪಶ್ಚಿಮದ ಗೋಡೆಯ ಬದಿಯಲ್ಲಿ ಒಂದು ಗೇಣು ಕೆಳಗಿಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ ಎಂಬುದೊಂದೇ ಸಮಾಧಾನ. ಹೋಗಿ ನೋಡಿದಾಗ, ಹೊರಗೆ ಕಾಣುವ ಭಾಗವೆಲ್ಲ ಕಬ್ಬಿಣದಂತಿದ್ದ ಆ ಮರದ ತುದಿ, ಗೋಡೆಯೊಳಗೆ ಹೊಕ್ಕಿದ್ದ ಅರ್ಧ ಅಡಿಯಷ್ಟು ಭಾಗ, ಕೈಯಲ್ಲಿ ಹಿಡಿದರೆ ಕಾಫಿಪುಡಿಯಂತೆ ಉದುರುತ್ತಿತ್ತು. ಪಡುವಣ ಗಾಳಿಯ ಮಳೆ ವರ್ಷವರ್ಷವೂ ಆ ಗೋಡೆಯನ್ನು ತೊಯಿಸಿತ್ತು, ಒಳಗಿನ ತೇವ ಆರಿರಲಿಲ್ಲ, ಗೆದ್ದಲು ತನ್ನ ಕೆಲಸ ಮಾಡಿತ್ತು. ಅಂದಿನಿಂದ ನಾನು ಹಳೆಯ ಮನೆಗೆ ಹೋದರೆ ಮೊದಲು ನೋಡುವುದು ತೊಲೆ ಗೋಡೆಗೆ ಸೇರುವ ಜಾಗವನ್ನೇ. ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಮರ ಠಣ್ಣನೆ ನುಡಿಯುತ್ತದೆ, ಟೊಳ್ಳು ಮರ ಮಂಕಾಗಿ ಸದ್ದು ಮಾಡುತ್ತದೆ. ಸಂಶಯ ಬಂದಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೂ ಒಳಗೆ ಹೋಗುವುದುಂಟು. ನಿಮ್ಮ ಮನೆಯಲ್ಲಿಯೂ ಪಶ್ಚಿಮದ ಗೋಡೆಯ ತೊಲೆಗಳನ್ನು ಹೀಗೆ ನೋಡಿಸಿ. ಒಡೆದ ಹೆಂಚು, ಬಾಗಿದ ರೀಪು ದೊಡ್ಡ ಸಂಗತಿಗಳಲ್ಲ. ಒಂದು ದಿನದ ಕೆಲಸ. ನೀವು ಹೆಚ್ಚು ಗಮನ ಕೊಡಬೇಕಾದದ್ದು ಹೊಸದೆಂದು ಭಾವಿಸಿರುವ 1989ರ ಆರ್‌ಸಿಸಿಗೇ. ಸೂರಿನ ಕೆಳಗೆ ಕಂದುಬಣ್ಣದ ಗೆರೆ ಕಾಣುತ್ತಿದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತಿದೆ ಎಂದರ್ಥ. ಅದರ ಮೇಲೆ ಸಿಮೆಂಟು ಸವರಿ ಬಣ್ಣ ಹೊಡೆಸುವುದು, ನಾನು ಮೇಲೆ ಹೇಳಿದ ಮುಚ್ಚಿಡುವ ಕೆಲಸಕ್ಕೇ ಸೇರುತ್ತದೆ.

ವಿದ್ಯುತ್ ತಂತಿಯ ಮಾತಿಗೆ ಬರುತ್ತೇನೆ. ಅರವತ್ತರ ದಶಕದ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಓಡಿಸಿದ ಎರಡೇ ತಂತಿ ಇರುತ್ತದೆ. ಅರ್ಥಿಂಗ್‌ನ ಮೂರನೆಯ ತಂತಿ ಇರುವುದಿಲ್ಲ. ಮೀಟರ್ ಹಲಗೆಯ ಮೇಲಿನ ಪಿಂಗಾಣಿ ಕಟೌಟನ್ನು ಬಿಚ್ಚಿ ನೋಡಿದರೆ, ತೆಳುವಾದ ಫ್ಯೂಸ್ ತಂತಿಯ ಜಾಗದಲ್ಲಿ ಯಾರೋ ಎರಡು ಸುತ್ತು ದಪ್ಪ ತಾಮ್ರದ ತಂತಿ ಸುತ್ತಿರುತ್ತಾರೆ. ದೀಪ ಮತ್ತು ರೇಡಿಯೋಗೆಂದು ಹಾಕಿದ ಆ ತಂತಿಯ ಮೇಲೆ ಈಗ ಗೀಸರ್, ಫ್ರಿಜ್, ಇಂಡಕ್ಷನ್ ಒಲೆ ನಡೆಯುತ್ತಿವೆ. ತೊಯ್ದ ಗೋಡೆಯ ಬಚ್ಚಲಿನಲ್ಲಿ ಗೀಸರ್ ಮುಟ್ಟಿದವರ ಜೀವ ಉಳಿಸುವುದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಎಂಬ, ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸಣ್ಣ ಸ್ವಿಚ್ಚು ಮತ್ತು ಸರಿಯಾದ ಅರ್ಥ್ ಗುಂಡಿ. ಮಾರುವ ಹೊತ್ತಿಗೆ ಇವನ್ನು ಹಾಕಿಸಲೇಬೇಕೆಂಬ ಕಾನೂನು ನಮ್ಮಲ್ಲಿಲ್ಲದಿದ್ದರೂ, ನಿಮ್ಮ ಇಡೀ ಮನೆಯಲ್ಲಿ ಒಂದೇ ಕೆಲಸಕ್ಕೆ ಹಣ ಹಾಕಬಹುದಾದರೆ ಇದಕ್ಕೆ ಹಾಕಿ ಎಂದು ನಾನು ಹೇಳುತ್ತೇನೆ; ಪರವಾನಗಿಯುಳ್ಳ ಗುತ್ತಿಗೆದಾರರಿಂದಲೇ ಮಾಡಿಸಿ, ಅವರ ವರದಿಯನ್ನು ಕೊಳ್ಳುವವರ ಕೈಗೆ ಕೊಡಿ. ಇನ್ನೊಂದು ಸೂಚನೆ: ಮನೆ ಖಾಲಿಯಿದೆಯೆಂದು ಮೆಸ್ಕಾಂ ಬಿಲ್ಲು ಕಟ್ಟದೆ ಸಂಪರ್ಕ ಕಡಿತವಾಗಲು ಬಿಡಬೇಡಿ. ಬಹಳ ಕಾಲ ಕಡಿತವಾಗಿದ್ದರೆ ಹೊಸ ಸಂಪರ್ಕಕ್ಕೇ ಅರ್ಜಿ ಹಾಕಬೇಕಾಗಿ ಬರಬಹುದು. ಹೊಸ ಸಂಪರ್ಕವೆಂದರೆ ಮೇಲೆ ಹೇಳಿದ ಪ್ರಮಾಣಪತ್ರದ ಪ್ರಶ್ನೆ ಏಳುತ್ತದೆ. ಈಗಿನ ಆರ್.ಆರ್. ಸಂಖ್ಯೆಯನ್ನು (ವಿದ್ಯುತ್ ಸಂಪರ್ಕದ ನೋಂದಣಿ ಸಂಖ್ಯೆ) ಜೀವಂತವಾಗಿ ಉಳಿಸಿಕೊಳ್ಳುವುದು ಕೊಳ್ಳುವವರಿಗೂ ಲಾಭ.

ಬೇಲೂರಿನ ಚಿಕ್ಕಪ್ಪನವರ ಮನೆಗೆ ಇದರ ಮೇಲೆ ಮತ್ತೊಂದು ಕಾಯ್ದೆ ಬರುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅಲ್ಲಿನ ಮನೆಯವರಲ್ಲಿ ಆತಂಕ ಹೆಚ್ಚಿದೆ, ಆದರೆ ನಿರ್ಬಂಧ ಅದಕ್ಕಿಂತ ಹಳೆಯದು. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅಲ್ಲಿಂದಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಈ ಕಾಯ್ದೆಯೂ ಮಾರಾಟವನ್ನು ತಡೆಯುವುದಿಲ್ಲ. ಆದರೆ ನಿಷೇಧಿತ ಪ್ರದೇಶದೊಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. 1992ರ ಜೂನ್ 16ಕ್ಕಿಂತ ಮುಂಚೆ ಇದ್ದ ಮನೆಯನ್ನು ಅನುಮತಿ ಪಡೆದು ದುರಸ್ತಿ ಮತ್ತು ನವೀಕರಣ ಮಾಡಬಹುದು, ಅಷ್ಟೇ. ಮಹಡಿ ಏರಿಸುವುದು, ಪಕ್ಕಕ್ಕೆ ಸೇರಿಸುವುದು ದುರಸ್ತಿಯಲ್ಲ. ನಿಯಂತ್ರಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟಲು ಅವಕಾಶವಿದ್ದರೂ ಅನುಮತಿ ಬೇಕೇ ಬೇಕು. ಚಿಕ್ಕಪ್ಪನವರ ಮನೆ 100 ಮೀಟರಿನ ಒಳಗಿದ್ದರೆ, ಆ ದಿನಾಂಕಕ್ಕಿಂತ ಮುಂಚೆ ಮನೆ ಇತ್ತು ಎಂದು ತೋರಿಸುವ ಕಂದಾಯ ರಸೀದಿಗಳು ಅವರ ಅತ್ಯಮೂಲ್ಯ ದಾಖಲೆ. ಇಲ್ಲಿ ಮನೆಯ ವಯಸ್ಸೇ ಅದರ ಬೆಲೆಯನ್ನು ಕಾಯುತ್ತದೆ. ಆದ್ದರಿಂದ ಮಾರುವ ಆತುರದಲ್ಲಿ ಅದನ್ನು ಕೆಡವಿ ನಿವೇಶನ ಮಾಡುವುದು ಮಾತ್ರ ಬೇಡ ಎಂದು ಅವರಿಗೆ ಖಂಡಿತವಾಗಿ ತಿಳಿಸಿ.

ಇನ್ನು ನಿಮ್ಮ ಕೊಳ್ಳುವವರಿಗೆ ಕೊಡಬೇಕಾದ ಉತ್ತರ. ಮನೆಯನ್ನು ಇಂದಿನ ನಿಯಮಕ್ಕೆ ತಂದುಕೊಡುವ ಮಾತಿಗೆ ಒಪ್ಪಬೇಡಿ; ಹಾಗೊಂದು ಷರತ್ತು ಕ್ರಯದ ಕರಾರಿನಲ್ಲಿ ಸೇರಿಬಿಟ್ಟರೆ, ಕಾನೂನು ಹೇರದ ಹೊರೆಯನ್ನು ನೀವೇ ಹೊತ್ತುಕೊಂಡಂತಾಗುತ್ತದೆ. ಅದರ ಬದಲು ಕರಾರಿನಲ್ಲೇ ಮೂರು ಸಂಗತಿಗಳನ್ನು ಬಿಡಿಸಿ ಬರೆಸಿ: ಮುಂಭಾಗ 1964ರದು, ಹಿಂಭಾಗದ ಎರಡು ಕೋಣೆಗಳು 1989ರವು ಮತ್ತು ಅವುಗಳ ಪರವಾನಗಿ ಲಭ್ಯವಿಲ್ಲ ಎಂಬುದು, ತಪಾಸಣೆಯಲ್ಲಿ ಕಂಡ ದೋಷಗಳು ಇಂತಿಂಥವು, ಕೊಳ್ಳುವವರು ಅವನ್ನು ತಿಳಿದೇ ಬೆಲೆಗೆ ಒಪ್ಪಿದ್ದಾರೆ ಎಂಬುದು, ಕ್ರಯದ ದಿನದವರೆಗಿನ ಕಂದಾಯ, ನೀರು, ವಿದ್ಯುತ್ ಬಾಕಿ ನಿಮ್ಮದು, ಅಲ್ಲಿಂದ ಮುಂದಿನದು ಅವರದು ಎಂಬುದು. ಕ್ರಯಪತ್ರದ ಷೆಡ್ಯೂಲಿನಲ್ಲಿ ಕಟ್ಟಡದ ವಿಸ್ತೀರ್ಣವನ್ನು ಹಳೆಯ ಪತ್ರದಿಂದ ನಕಲು ಮಾಡಬೇಡಿ. ಹಾಗೆ ಮಾಡಿದರೆ ಹಿತ್ತಲಿನ ಕೋಣೆಗಳು ಬಿಟ್ಟುಹೋಗುತ್ತವೆ, ಮುದ್ರಾಂಕ ಶುಲ್ಕದ ಲೆಕ್ಕವೂ ತಪ್ಪುತ್ತದೆ. ಅಳೆಸಿದ ನಕ್ಷೆಯ ಅಂಕಿಗಳನ್ನೇ ಹಾಕಿಸಿ. ತಪಾಸಣೆಗೆ ಕೊಳ್ಳುವವರು ತಮ್ಮ ಎಂಜಿನಿಯರನ್ನು ಕರೆತರುತ್ತೇನೆಂದರೆ ಸಂತೋಷದಿಂದ ಒಪ್ಪಿ. ಆಗುವುದಾದರೆ ಬಿಸಿಲಿನ ದಿನ ಬಿಟ್ಟು, ಎರಡು ದಿನ ಮಳೆ ಹಿಡಿದು ಬಿಟ್ಟ ಮರುದಿನ ಬೆಳಿಗ್ಗೆ ಬರಲು ಹೇಳಿ. ಪಶ್ಚಿಮದ ಗೋಡೆ ಎಲ್ಲಿಯವರೆಗೆ ತೇವ ಕುಡಿದಿದೆ ಎಂಬುದು ಆಗ ಇಬ್ಬರಿಗೂ ಕಣ್ಣಾರೆ ಕಾಣುತ್ತದೆ.